ಬೆಳ್ಳಪ್ಪನ ಅರ್ಧ ಚೀಲ ಅಕ್ಕಿ

ಬೆಳ್ಳಪ್ಪನ ಹೆಸರು ಕೇಳಿದರೆ ನನಗೆ ಈಗಲೂ ತಲೆ ತಗ್ಗುತ್ತದೆ. ಬರೆದುಕೋ ಸರೋಜ, ನಿನ್ನಜ್ಜ ಇದ್ದಿದ್ದರೆ ಇದನ್ನು ಹೇಳಲು ಬಿಡುತ್ತಿರಲಿಲ್ಲ.

ಅವನು ನಗರ ಎಂಬ ಊರಿನವನು, ಅಲ್ಲಿ ಕೋಟೆಯ ಹಿಂದೆ ಮನೆ. ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟಿನ ಕೆಲಸ ಶುರುವಾದಾಗ ಕಲ್ಲು ಒಡೆಯಲು ಹೋದ. ಅಲ್ಲಿ ಕೇರಳದ ಕೆಲಸಗಾರರು ಸಂಜೆ ಫುಟ್‌ಬಾಲ್ ಆಡುತ್ತಿದ್ದರು. ಗೋಲಿನ ಹಿಂದೆ ಸುಮ್ಮನೆ ನೋಡುತ್ತ ನಿಂತವನು ವರ್ಷದೊಳಗೆ ಗೋಲಿನ ಮುಂದೆ ನಿಂತ. ಕಲ್ಲು ಹೊತ್ತ ಕೈ ಅದು. ಚೆಂಡು ಬಂದು ಬಡಿದರೆ ಹಲಸಿನಕಾಯಿ ಬಿದ್ದ ಸದ್ದು. ಆದರೆ ಕೈ ಬಿಟ್ಟು ಹೋಗುತ್ತಿರಲಿಲ್ಲ.

ಎಂಬತ್ತರ ಆಚೀಚೆ ಸಾಗರ, ಹೊಸನಗರ, ತೀರ್ಥಹಳ್ಳಿ, ಹೀಗೆ ಸುತ್ತಲಿನ ಊರಿಗೆಲ್ಲ ಒಂದೊಂದು ತಂಡವಿತ್ತು. ನಮ್ಮ ಹೊಸನಗರದ ತಂಡಕ್ಕೆ ನಿನ್ನಜ್ಜ ಮುಕುಂದಯ್ಯನವರೇ ಯಜಮಾನರು. ಅವರ ಕಾಲಿಗೆ ಚೆಂಡು ತಾಗಿದ್ದು ಜನ್ಮದಲ್ಲಿ ಒಂದೇ ಸಲ. ನನ್ನ ಕೆಸುವಿನ ಮಡಿಗೆ ಬಂದು ಬಿದ್ದಿದ್ದನ್ನು ಒದ್ದರು. ಚೆಂಡಿಗಿಂತ ಚಪ್ಪಲಿ ದೂರ ಹೋಯಿತು. ಇರಲಿ, ಅದು ಬೇರೆ ಕಥೆ.

ಊರಿನ ಹುಡುಗರು ಊಟಕ್ಕೇ ಆಡುತ್ತಿದ್ದರು. ಹೊರಗಿನಿಂದ ಬಂದ ಆಟಗಾರರಿಗೆ ಮಾತ್ರ ಸಂಬಳ. ಸಾಗರದ ತಂಡದ ಮಂಜುನಾಥಪ್ಪನಿಗೆ ಮರದ ವ್ಯಾಪಾರ. ಒಂದು ವರ್ಷ ಅವನು ಒಳ್ಳೆಯವರನ್ನೆಲ್ಲ ಬಾಚಿಕೊಂಡು, ಎಲ್ಲರ ಮೇಲೂ ಎಂಟು ಹತ್ತು ಗೋಲು ಹೊಡೆಸಿದ. ನೋಡುವ ಜನವೇ ಕಡಿಮೆಯಾದರು. ಆಗ ಪಂದ್ಯ ನಡೆಸುವ ಸಮಿತಿಯ ನಿಂಗಪ್ಪ ಮೇಷ್ಟ್ರು ಒಂದು ಕಟ್ಟು ಹಾಕಿದರು. ಒಂದು ತಂಡ ಎಲ್ಲ ಆಟಗಾರರಿಗೂ ಸೇರಿಸಿ ವರ್ಷಕ್ಕೆ ಆರುನೂರು ರೂಪಾಯಿ ಮೀರಿ ಕೊಡಕೂಡದು, ಊಟ ಮಾತ್ರ ಲೆಕ್ಕಕ್ಕಿಲ್ಲ. ದೀಪಾವಳಿಗೆ ಹಳೆಯ ಒಪ್ಪಂದಗಳೆಲ್ಲ ಮುಗಿದು, ಯಾರು ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು. ಮೊದಲು ಬಂದವನಿಗೆ ಕೈತುಂಬ. ತಡವಾಗಿ ಬಂದವನಿಗೆ ಪಾತ್ರೆಯ ತಳ ಕೆರೆದದ್ದು. ಅವನು ಎಂಥ ಆಟಗಾರನೇ ಇರಲಿ.

ಆ ವರ್ಷ ಬೆಳ್ಳಪ್ಪ ತಡವಾಗಿ ಬಂದ. ಹೆಂಡತಿ ಕನ್ನಮ್ಮನಿಗೆ ಹಬ್ಬದ ದಿನವೇ ಹೆರಿಗೆ. ಹತ್ತು ದಿನ ಬಿಟ್ಟು ನಮ್ಮ ಜಗಲಿಯಲ್ಲಿ ಬಂದು ಕೂರುವಷ್ಟರಲ್ಲಿ ನಿನ್ನಜ್ಜ ಭದ್ರಾವತಿಯ ಒಬ್ಬನಿಗೆ ನಾನೂರೈವತ್ತು ಕೊಟ್ಟು ಮುಗಿಸಿದ್ದರು.

"ನೂರೈವತ್ತು ಉಳಿದದೆ ಮಾರಾಯ. ಅದ್ರ ಮೇಲೆ ಕೊಟ್ರೆ ಮೇಷ್ಟ್ರು ತಂಡಾನೇ ಹೊರಗೆ ಹಾಕ್ತಾರೆ."

"ಇನ್ನೂರೈವತ್ತು ಇಲ್ದೆ ಆಗೋದಿಲ್ಲ ಗೌಡ್ರೇ," ಎಂದ ಬೆಳ್ಳಪ್ಪ. "ಆಟದ ದಿನ ಕೂಲಿ ಹೋಗ್ತದೆ. ನಾನೇನು ಪುಕ್ಕಟೆ ಕೇಳ್ತಿಲ್ಲ, ಗೋಲು ಕಾಯ್ತೀನಿ, ಅದಕ್ಕೆ ಕೇಳ್ತೀನಿ."

ಒಳಗಿನಿಂದ ಕಡುಬಿನ ತಟ್ಟೆ ತಂದವಳು ನಾನು. ಬಾಯಿ ಸುಮ್ಮನಿರಲಿಲ್ಲ.

"ಬೇಯಿಸಿದ ಅನ್ನ ಲೆಕ್ಕಕ್ಕಿಲ್ಲ ಅಂದ್ಮೇಲೆ ಬೇಯಿಸದ ಅಕ್ಕಿ ಹೆಂಗೆ ಲೆಕ್ಕಕ್ಕೆ ಬರ್ತದೆ? ಅರ್ಧ ಚೀಲ ಅಕ್ಕಿ ಕೊಡಿ. ಅವ್ನ ಮನೇಲೇ ಬೇಯಿಸ್ಕಂಡು ಉಣ್ಲಿ."

ನಿನ್ನಜ್ಜ ತೊಡೆ ತಟ್ಟಿ ನಕ್ಕರು. "ನಿನ್ನ ಸಮಿತಿಗೆ ಹಾಕ್ಬೇಕಿತ್ತು ಕಣೇ ಹೂವಿ!"

ಬೆಳ್ಳಪ್ಪ ನಗಲಿಲ್ಲ. "ಅದು ಸಂಬಳದಾಗೇ ಸೇರಿದ್ದು ತಾನೇ ಅಮ್ಮಾ?"

"ಹೌದಪ್ಪ, ಸಂಬಳವೇ."

ನಾನೇ ಹೇಳಿದ್ದು. ನನ್ನ ಬಾಯಿಂದಲೇ ಬಂದದ್ದು.

ಸೆಮಿಫೈನಲ್ ಗೆದ್ದ ದಿನ ಅಕ್ಕಿ ಕೊಟ್ಟೆವು. ಚೀಲವನ್ನು ನಗರದ ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್ ಕೇಳಿದನಂತೆ, "ಎಂತದೋ ಇದು, ಯಾರ ಮನೇಲಿ ಶ್ರಾದ್ಧ?"

"ಶ್ರಾದ್ಧ ನಿಮ್ಮನೇಲಿ. ಇದು ನನ್ನ ಸಂಬಳ. ಚೆಂಡು ಹಿಡ್ದಿದ್ದಕ್ಕೆ!" ಎಂದನಂತೆ ಬೆಳ್ಳಪ್ಪ, ಬಸ್ಸಿಗೆಲ್ಲ ಕೇಳುವ ಹಾಗೆ.

ಬಸ್ಸಿನಲ್ಲಿ ಸಾಗರದ ತಂಡದವನೊಬ್ಬನಿದ್ದ. ಮರುದಿನವೇ ಸುದ್ದಿ ಮಂಜುನಾಥಪ್ಪನಿಗೆ ಮುಟ್ಟಿತು. ಫೈನಲ್ ನಮಗೂ ಅವರಿಗೂ. ಆಟದ ದಿನ ಬೆಳಿಗ್ಗೆ ಅವನು ಮೇಷ್ಟ್ರನ್ನು ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದ. ಎರಡೂ ತಂಡದವರು ಸುತ್ತ ನಿಂತರು. ಅಕ್ಕಿ ಸಂಬಳವೆಂದಾದರೆ ನಮ್ಮ ತಂಡ ಹೊರಗೆ, ಬೆಳ್ಳಪ್ಪನಿಗೆ ಎರಡು ವರ್ಷ ಆಟವಿಲ್ಲ.

ಮೇಷ್ಟ್ರು ನಿನ್ನಜ್ಜನನ್ನು ಕೇಳಿದರು. ನಿನ್ನಜ್ಜ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. ಎಲ್ಲರೂ ನನ್ನ ಮುಖ ನೋಡಿದರು.

"ಅಕ್ಕಿ ಕೊಟ್ಟೋಳು ನಾನು ಮೇಷ್ಟ್ರೇ," ಎಂದೆ. "ಬಾಣಂತಿ ಮನೇಲಿ ಅಕ್ಕಿ ಇಲ್ಲ ಅಂತ ಬಂದು ಕೈ ಒಡ್ಡಿದ. ಪಾಪ ಅಂತ ಧರ್ಮಕ್ಕೆ ಕೊಟ್ಟೆ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಬೆಳ್ಳಪ್ಪನ ಕಡೆ ತಿರುಗಿ, "ಹೌದೇನೋ?" ಎಂದು ಕೇಳಿದರು.

ಅವನು ನನ್ನನ್ನೇ ನೋಡಿದ. ಅಲ್ಲ ಎಂದರೆ ನಾನು ಸುಳ್ಳಿ ಆಗುತ್ತಿದ್ದೆ, ತಂಡವೂ ಹೋಗುತ್ತಿತ್ತು. ಹೌದು ಎಂದರೆ ಅವನು ಭಿಕ್ಷುಕ. "ಅಮ್ಮ ಹೇಳಿದ್ಮೇಲೆ ಹೌದು," ಎಂದ.

ಆ ಸಂಜೆ ಗೋಲಿನ ಹಿಂದೆ ಸಾಗರದವರ ಗುಂಪು ನಿಂತು ಆಟ ಮುಗಿಯುವವರೆಗೂ ಕೂಗಿತು: "ಏ ಭಿಕ್ಷೆ ಬೆಳ್ಳಪ್ಪಾ, ನಮಗೂ ಒಂದು ಗೋಲು ಭಿಕ್ಷೆ ಹಾಕೋ!" ಅವನು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಒಂದು ಗೋಲೂ ಬಿಡಲಿಲ್ಲ. ನಾವು ಒಂದು ಗೋಲಿನಿಂದ ಗೆದ್ದೆವು. ಹನ್ನೆರಡು ಸೇರು ಅಕ್ಕಿಯ ಕಡುಬು, ಕೋಳಿ ಸಾರು ಮಾಡಿ ಕಾದೆ. ಎಲ್ಲರೂ ಬಂದರು, ಅವನು ಬರಲಿಲ್ಲ.

ಮಾರನೆಯ ದಿನ ಮೊದಲ ಬಸ್ಸಿಗೇ ಬಂದ, ಹೆಗಲ ಮೇಲೆ ಚೀಲ. ಜಗಲಿಯ ಮೇಲೆ ಇಳಿಸಿ, "ನಾಲ್ಕು ಸೇರು ಬೆಂದು ಹೋಗ್ಯದೆ ಅಮ್ಮಾ. ಗಂಗಾವತಿ ಅಕ್ಕಿ ತಂದು ಭರ್ತಿ ಮಾಡೀನಿ. ನೋಡ್ಕಳಿ," ಎಂದ.

"ಎಂತಕ್ಕೋ ಇದೆಲ್ಲ? ನಿನ್ನ ಉಳ್ಸೋಕೆ ಅಂದದ್ದು ಕಣೋ."

"ಗೊತ್ತು," ಎಂದು ಹೊರಟೇಹೋದ. ತಪ್ಪಾಯಿತು ಎನ್ನುವ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ ನೋಡು. ಬೇಡದ್ದಕ್ಕೆಲ್ಲ ಬರುವ ಬಾಯಿ.

ಮುಂದಿನ ದೀಪಾವಳಿಗೆ ನಿನ್ನಜ್ಜ ಬೇರೆ ಯಾರನ್ನೂ ಮಾತಾಡಿಸದೆ, ಮುನ್ನೂರು ರೂಪಾಯಿ ಎತ್ತಿಟ್ಟುಕೊಂಡು ಮೊದಲು ನಗರಕ್ಕೇ ಹೋದರು. ಬೆಳ್ಳಪ್ಪ ಅಷ್ಟರಲ್ಲಿ ಸಾಗರಕ್ಕೆ ಒಪ್ಪಿಕೊಂಡಾಗಿತ್ತು, ಇನ್ನೂರಕ್ಕೆ.

"ನಿನಗೆ ತಲೆ ಕೆಟ್ಟದೆಯೇನೋ? ನೂರು ರೂಪಾಯಿ ಕಡಿಮೆಗೆ ಹೋಗ್ತೀಯಲ್ಲ, ಅದೂ ನಿನ್ನ ಆಡ್ಕಂಡವರ ಹತ್ರ!"

"ಅವ್ರು ಆಡ್ಕಂಡಿದ್ದು ನೀವು ಹೇಳಿದ್ದನ್ನೇ ಅಲ್ವಾ ಗೌಡ್ರೇ," ಎಂದನಂತೆ. "ಕಡಿಮೆ ಕೊಟ್ರೂ ಸಂಬಳ ಅಂತ ಚೀಟಿ ಬರ್ದು ಕೊಟ್ಟಾರೆ."

ಆ ವರ್ಷ ಸಾಗರದವರು ಹೊಸನಗರಕ್ಕೆ ಆಡಲು ಬಂದಾಗ ಪದ್ಧತಿಯಂತೆ ಊಟ ನಮ್ಮಲ್ಲೇ. ಬೆಳ್ಳಪ್ಪನೂ ಪಂಕ್ತಿಯಲ್ಲಿ ಕೂತ. ಸಾರು ಹಾಕಿಸಿಕೊಂಡ, ಪಲ್ಯ ಹಾಕಿಸಿಕೊಂಡ. ಮಗು ಹೇಗಿದೆ ಎಂದರೆ, ನಡೀತದೆ ಅಮ್ಮಾ ಎಂದ. ತಪ್ಪಾಯಿತು ಎಂದು ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಎರಡನೇ ಸಲ ಅನ್ನದ ಪಾತ್ರೆ ಹಿಡಿದು ಅವನ ಮುಂದೆ ಬಗ್ಗಿದೆ. ಅವನು ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದ. ಗೋಲಿನ ಮುಂದೆ ಹಿಡಿಯುತ್ತಿದ್ದನಲ್ಲ, ಹಾಗೆ.

"ಸಾಕಮ್ಮಾ," ಎಂದ.

ನಾನು ಸೌಟು ಹಿಡಿದುಕೊಂಡು ಪಕ್ಕದ ಎಲೆಗೆ ಹೋದೆ.