ನನ್ನ ರಕ್ತದಲ್ಲಿ ಇಲ್ಲದ ಚುಕ್ಕೆಗಳು

ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ರೋಗನಿರೋಧಕ ಶಾಸ್ತ್ರದ ಪ್ರಾಕ್ಟಿಕಲ್ ತರಗತಿಗಳು ನಮಗೆ ಪರೇಲಿನ ಒಂದು ಲ್ಯಾಬಿನಲ್ಲಿ ನಡೆಯುತ್ತಿದ್ದವು. ಸಯನ್ನಿನಿಂದ ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಇಳಿಯುವವರ ಮೊಣಕೈ ತಿಂದು, ಮಾಸ್ಕ್ ಹಾಕಿಕೊಂಡು ಹೋಗುತ್ತಿದ್ದೆ. ನನಗೆ ಕೆಮ್ಮು ಬೇಗ ಅಂಟುತ್ತಿತ್ತು. ಅದು ನನ್ನ ದೇಹದ ಸ್ವಭಾವ ಎಂದೇ ಎಲ್ಲರೂ ಒಪ್ಪಿಕೊಂಡಿದ್ದೆವು.

ಅಂದು ರಕ್ತದ ಬಿಳಿಕಣಗಳಿಗೆ ಬಣ್ಣ ಹಚ್ಚಿ ಗುರುತಿಸುವ ಪಾಠ. ಯಂತ್ರವು ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಪರದೆಯ ಮೇಲೆ ಚುಕ್ಕೆಗಳಾಗಿ ತೋರಿಸುತ್ತದೆ. ಟಿ ಕಣಗಳು ಒಂದು ಮೂಲೆಯಲ್ಲಿ ಗುಂಪುಗಟ್ಟುತ್ತವೆ. ರೋಗದ ವಿರುದ್ಧ ಆಂಟಿಬಾಡಿ ತಯಾರಿಸುವ ಬಿ ಕಣಗಳು ಇನ್ನೊಂದು ಮೂಲೆಯಲ್ಲಿ. ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕಿತ್ತು. ನಾನು ತೋಳು ಚಾಚಿದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯ ಮನೆಯವರು ವಿಜಯಪುರದ ಕಡೆಯವರು. ಮನೆಮಾತು ದಖನಿ ಉರ್ದು, ಕನ್ನಡ ತಿಳಿಯುತ್ತದೆ, ಆಡುವಾಗ ತಡವರಿಸುತ್ತಾಳೆ. ಪರದೆ ನೋಡಿ ಅವಳು ನಕ್ಕಳು.

"ಅರೇ, ಬಿ ಕಾ ಬಣ್ಣ ಹಾಕೇ ಇಲ್ಲ ನೀನು!"

ಬಿ ಕಣಗಳ ಮೂಲೆ ಖಾಲಿಯಿತ್ತು. ಮರೆತಿರಬಹುದು ಎಂದುಕೊಂಡು ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಅವಳ ರಕ್ತವನ್ನೂ ಪಕ್ಕದಲ್ಲಿಟ್ಟು, ಒಂದೇ ಸೀಸೆಯ ಬಣ್ಣವನ್ನು ಎರಡಕ್ಕೂ ಹಾಕಿದೆ. ಅವಳದನ್ನು ಯಂತ್ರದಲ್ಲಿ ಹಾಯಿಸಿದಾಗ ಆ ಮೂಲೆಯಲ್ಲಿ ಚುಕ್ಕೆಗಳು ತುಂಬಿಕೊಂಡವು. ನನ್ನದರಲ್ಲಿ ದಿಕ್ಕುತಪ್ಪಿ ಬಂದಂತೆ ಎಲ್ಲೋ ಒಂದೆರಡು.

ಅವಳು ನಗಲಿಲ್ಲ. "ಮಶೀನ್ ಖರಾಬ್ ಇರಬೇಕು ಯಾರ್," ಎಂದಳು, ನನ್ನ ಮುಖ ನೋಡದೆ.

ಯಂತ್ರ ಕೆಟ್ಟಿರಲಿಲ್ಲ. ಆ ಖಾಲಿ ಮೂಲೆಗೆ ಏನರ್ಥ ಎಂದು ಹಿಂದಿನ ವಾರದ ಪರೀಕ್ಷೆಯಲ್ಲಿ ನಾನೇ ಎರಡು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಸ್ಟೂಲಿನ ಮೇಲೆ ಕುಳಿತದ್ದು ನೆನಪಿದೆ. ಯಾರು ಕೂಡಿಸಿದರೋ ಗೊತ್ತಿಲ್ಲ.

ಪಾಠ ಮಾಡುವ ಮೇಡಂ ಬಂದು ಪರದೆಯನ್ನು ನೋಡುತ್ತಲೇ ಕೇಳಿದರು: "ಇದು ಯಾವ ಪೇಷಂಟಿನದು?"

"ನನ್ನದು, ಮೇಡಂ."

ಅವರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕುಳಿತರು. ಆಮೇಲೆ ಪರಿಚಯದ ವೈದ್ಯರೊಬ್ಬರಿಗೆ ಫೋನ್ ಮಾಡಿದರು.

ಆಸ್ಪತ್ರೆಯ ಪರೀಕ್ಷೆಯಲ್ಲೂ ಅದೇ ಬಂತು. ನನ್ನ ರಕ್ತದಲ್ಲಿ ಆಂಟಿಬಾಡಿಗಳು ಹೆಸರಿಗಷ್ಟೇ ಇದ್ದವು. ಚಿಕ್ಕಂದಿನಲ್ಲಿ ಹಾಕಿಸಿದ್ದ ಲಸಿಕೆಗಳ ಗುರುತೂ ಇರಲಿಲ್ಲ. ವೈದ್ಯರು ಮರಾಠಿಯಲ್ಲಿ ಅವ್ವನನ್ನು ಕೇಳಿದರು, ಇವಳಿಗೆ ನ್ಯುಮೋನಿಯಾ ಎಷ್ಟು ಸಲ ಬಂದಿದೆ? ಅವ್ವ ಬೆಳಗಾವಿಯವಳು, ಮರಾಠಿ ನೀರು ಕುಡಿದಷ್ಟು ಸಲೀಸು. ಅಂದು ಮಾತ್ರ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು.

"ಯಾರ್ ಎಣಿಸ್ಯಾರವಾ? ಮಳಿಗಾಲ ಬಂತಂದ್ರ ನೀ ಮಲಗತಿದ್ದಿ. ಈ ಊರ ಹವಾನಽ ಹಂಗ ಅಂತ ತಿಳಕೊಂಡಿದ್ವಿ. ಇಷ್ಟ್ ವರ್ಷ ಯಾರೂ ಹೇಳಲಿಲ್ಲಲ್ಲ!"

ನಾನು ಅದನ್ನು ವೈದ್ಯರಿಗೆ ಅನುವಾದಿಸಿದೆ. ನನ್ನ ಧ್ವನಿ ಬೇರೆ ಯಾರದೋ ಎನಿಸುತ್ತಿತ್ತು. ಒಡಹುಟ್ಟಿದವರಿಗೂ ಇದು ಇರಬಹುದೆಂದು ತಂಗಿಯ ರಕ್ತವನ್ನೂ ನೋಡಿದರು. ಅವಳಿಗೆ ಎಲ್ಲ ಸರಿಯಿತ್ತು. ಅವಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತಳು.

ಚಿಕಿತ್ಸೆ ಇದೆ, ತಿಂಗಳಿಗೊಮ್ಮೆ, ಜೀವಮಾನವಿಡೀ. ಮೊದಲ ಸಲ ಬಾಟಲಿ ತೂಗುಹಾಕಿದಾಗ ಅವ್ವ ಅದನ್ನೇ ದಿಟ್ಟಿಸುತ್ತಿದ್ದಳು.

"ಯಾರ್ ರಕ್ತ ಇದು?"

"ರಕ್ತ ಅಲ್ಲವ್ವ, ರಕ್ತದಾಗಿನ ಆಂಟಿಬಾಡಿ. ಸಾವಿರಾರು ಮಂದೀದು ಕೂಡಿಸಿ ಮಾಡತಾರ."

"ಸಾವಿರಾರು ಮಂದಿ?" ಅವ್ವ ನನ್ನ ಪಾದ ಹಿಡಿದುಕೊಂಡಳು. "ಅವ್ರಿಗೆ ನೀ ಯಾರಂತ ಗೊತ್ತಿಲ್ಲ."

"ಇಲ್ಲ."

ಈ ಔಷಧಿಯ ಕುರಿತು ನಾನು ಸೆಮಿನಾರ್ ಕೊಟ್ಟಿದ್ದೆ. ಸ್ಲೈಡಿನಲ್ಲಿ ಬಾಟಲಿಯ ಚಿತ್ರವೂ ಇತ್ತು. ಅದು ತೋಳಿನೊಳಗೆ ಇಳಿಯುವಾಗ ಇಷ್ಟು ತಣ್ಣಗಿರುತ್ತದೆಂದು ತಿಳಿದಿರಲಿಲ್ಲ.

ಆ ವರ್ಷ ಮಳೆ ಸುರಿದು ಹಳಿಗಳ ಮೇಲೆ ನೀರು ನಿಂತಿತು, ಲೋಕಲ್ ನಿಂತವು, ಬಿಲ್ಡಿಂಗಿನವರೆಲ್ಲ ಕೆಮ್ಮಿದರು. ನಾನು ಮಲಗಲಿಲ್ಲ. ಮಳೆ ಹಿಂದೆ ಸರಿದ ಮೇಲೆ ಒಂದು ಬೆಳಿಗ್ಗೆ, ಚಹಾ ಕುಡಿಯುತ್ತಿದ್ದ ನನ್ನ ಬೆನ್ನಿಗೆ ಅವ್ವ ಕಿವಿ ಹಚ್ಚಿ ಬಹಳ ಹೊತ್ತು ಆಲಿಸಿದಳು.

"ಈ ವರ್ಷ ಎದಿ ಗೊರಗೊರ ಅನ್ನವಲ್ದಲ್ಲಽ," ಎಂದಳು, ಹೆದರಿದವಳ ಹಾಗೆ.