ಪಾಲಯ್ಯನ ಬ್ಯಾಟರಿ ದೀಪ

ಹೊಸಪೇಟೆಯ ವೈರ್‌ಮನ್ ಪಾಲಯ್ಯ ಕೆಲಸಕ್ಕೆ ಹೊರಟನೆಂದರೆ ಹೆಗಲಲ್ಲಿ ಒಂದು ಟಿಫಿನ್ ಡಬ್ಬಿ ಜೋತಾಡುತ್ತಿತ್ತು. ಅದರೊಳಗೆ ಇರುತ್ತಿದ್ದುದು ಊಟವಲ್ಲ, ಹಳೇ ಮೊಪೆಡ್ಡಿನ ಬ್ಯಾಟರಿ. ಮುಚ್ಚಳಕ್ಕೆ ಅದೇ ಗಾಡಿಯ ಹೆಡ್‌ಲೈಟು ಕೂರಿಸಿದ್ದ. ಮೊದಲೆಲ್ಲ ಅವನೂ ಉದ್ದನೆ ವೈರಿಗೆ ಹೋಲ್ಡರು, ಬಲ್ಬು ಸಿಕ್ಕಿಸಿ, ಪಕ್ಕದ ಮನೆಯಿಂದ ಕರೆಂಟು ಎಳೆದುಕೊಂಡೇ ಬೆಳಕು ಮಾಡಿಕೊಳ್ಳುತ್ತಿದ್ದ. ಕಂಪ್ಲಿಯ ಒಂದು ಅಟ್ಟದ ಮೇಲೆ ಆ ಹೋಲ್ಡರು ಕೈಯಲ್ಲೇ ಒಡೆದು, ಶಾಕ್ ಹೊಡೆದು, ಮೂರು ದಿನ ಬಲಗೈ ಮೇಲೆತ್ತಲಾಗಲಿಲ್ಲ. ಡಬ್ಬಿ ಬಂದದ್ದು ಆಮೇಲೆ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಸಂಡೂರಿನ ಲಾರಿ ಮಾಲೀಕ ವೀರೇಶನ ಹೆಂಡತಿ ಸುನಿತಾ ಫೋನು ಮಾಡಿದಳು.

“ಅಣ್ಣಾರ, ಬಚ್ಚಲ ನಲ್ಲಿ ಮುಟ್ಟಿದ್ರ ಜುಮ್ ಅಂತೈತ್ರಿ. ಜಲ್ದಿ ಬರ್ರಿ.”

ಆ ಮನೆ ಎದ್ದು ಆರು ತಿಂಗಳೂ ಆಗಿರಲಿಲ್ಲ. ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ಕಾಲ. ಮನೆಗಳೂ ಅದೇ ಅವಸರದಲ್ಲಿ ಏಳುತ್ತಿದ್ದವು. ವೈರಿಂಗ್ ಮಾಡಿದವನು ಪಾಲಯ್ಯನೇ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತಾನೆಲ್ಲಿ ತಪ್ಪಿರಬಹುದೆಂದು ಲೆಕ್ಕ ಹಾಕಿದ. ಏನೂ ಹೊಳೆಯಲಿಲ್ಲ.

ಹೋದವನೇ ಮೇನ್ ಫ್ಯೂಸು ಕಿತ್ತು ಜೇಬಿಗಿಳಿಸಿದ. ಬಚ್ಚಲು ಇದ್ದದ್ದು ಮನೆಯ ನಟ್ಟನಡುವೆ; ಇದ್ದೊಂದು ಕಿಂಡಿಯೂ ಪಕ್ಕದ ಸ್ಟೋರ್ ರೂಮಿಗೆ ತೆರೆದಿತ್ತು. ನೀರಿನ ಪೈಪು ಹಾದುಹೋಗುವುದು ಆ ಸ್ಟೋರ್ ರೂಮಿನಲ್ಲೇ. ಡಬ್ಬಿಯ ದೀಪ ಹಚ್ಚಿ, ಪೈಪಿಗೆ ಟೆಸ್ಟರ್ ಇಟ್ಟ.

ಟೆಸ್ಟರ್ ಕೆಂಪಗೆ ಉರಿಯಿತು.

ಪಾಲಯ್ಯ ಜೇಬು ಮುಟ್ಟಿ ನೋಡಿಕೊಂಡ. ಫ್ಯೂಸು ಅಲ್ಲೇ ಇತ್ತು. ಹಾಗಾದರೆ ಕರೆಂಟು ಎಲ್ಲಿಂದ? ಅಷ್ಟರಲ್ಲಿ ಬಚ್ಚಲ ಚಿಲಕ ಬಿದ್ದ ಸದ್ದು.

“ಒಳಗ ಯಾರದಾರ್ರಿ?”

“ನಮ್ಮತ್ತೀರಿ, ಕಾಲು ತೊಳಕೊಳ್ಳಾಕ ಹೋದ್ರು. ನೀವು ಕರೆಂಟು ತೆಗದೀರಲ್ಲ, ಏನೂ ಆಗಂಗಿಲ್ಲ ಹೋಗ್ರಿ ಅಂದೆ.”

“ಹೊರಗ ಕರೀರಿ! ನಲ್ಲಿ ಮುಟ್ಟಬ್ಯಾಡ ಅನ್ರಿ!”

“ಅವ್ರಿಗೆ ಕಿವಿ ಕೇಳಂಗಿಲ್ರಿ!”

ಸುನಿತಾ ಬಾಗಿಲು ಬಡಿಯಲು ಓಡಿದಳು. ಪಾಲಯ್ಯ ಅವಳ ಸೆರಗು ಹಿಡಿದೇ ನಿಲ್ಲಿಸಿದ. ಬಾಗಿಲು ಅದುರಿ, ಮುದುಕಿ ಗಾಬರಿಬಿದ್ದು, ಕತ್ತಲಲ್ಲಿ ಆಸರೆಗೆಂದು ಪೈಪನ್ನೇ ಹಿಡಿದರೆ? ನೆಲ ಒದ್ದೆ, ಬರಿಗಾಲು. ಅವನು ಅಕ್ಕಿಚೀಲದ ಮೇಲೆ ಹತ್ತಿ ಕಿಂಡಿಯೊಳಗೆ ದೀಪ ಹಿಡಿದ.

ಒಳಗೆ ಅತ್ತೆ ಕೊಟ್ರಬಸಮ್ಮ ಗೋಡೆ ತಡವುತ್ತಿದ್ದಳು. ಕೈಗೂ ನಲ್ಲಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಬೆಳಕು ಮುಖಕ್ಕೆ ಹೊಡೆಯುತ್ತಲೇ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು. ಪಾಲಯ್ಯ ದೀಪದ ಮುಂದೆ ತನ್ನ ಅಂಗೈ ಅಡ್ಡ ಹಿಡಿದು ಬ್ಯಾಡ, ಬ್ಯಾಡ ಎಂದು ಅಲ್ಲಾಡಿಸಿದ. ಅವಳ ಕೈ ಗಾಳಿಯಲ್ಲೇ ನಿಂತಿತು. ಅವನು ಬೆಳಕನ್ನು ಮೆಲ್ಲಗೆ ನೆಲಕ್ಕಿಳಿಸಿ ಬಾಗಿಲ ಕಡೆ ಸರಿಸಿದ. ಮುದುಕಿ ಆ ಬೆಳಕಿನ ಹಿಂದೆಯೇ ಒಂದೊಂದು ಹೆಜ್ಜೆ ಇಟ್ಟು ಚಿಲಕ ತೆಗೆದಳು. ಸುನಿತಾ ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಏನಾಯಿತೆಂದು ಮುದುಕಿಗೆ ತಿಳಿಯಲೇ ಇಲ್ಲ.

ಪಾಲಯ್ಯ ಪೈಪಿನ ಗುಂಟ ಹುಡುಕಿದ. ಗೋಡೆಯ ಮೂಲೆಯಲ್ಲಿ ಗಾರೆ ಹಸಿಯಾಗಿತ್ತು. ಉಳಿಯಿಂದ ಹುಷಾರಾಗಿ ಕೆದರಿದರೆ ಕೆಂಪು–ಹಳದಿ ಹೊಸೆದ ವೈರು, ಸಿಪ್ಪೆ ಹರಿದು ಪೈಪಿನ ಕ್ಲಾಂಪಿಗೆ ಕಚ್ಚಿಕೊಂಡಿತ್ತು. ನೋಡಿದೊಡನೆ ಗುರುತು ಸಿಕ್ಕಿತು. ಮನೆ ಕಟ್ಟುವಾಗ ಗೌಂಡಿಗಳು ಸಂಜೆಮೇಲೂ ಕೆಲಸ ಮಾಡಲೆಂದು, ಹ್ಯಾಲೊಜನ್ ದೀಪಕ್ಕೆ ಪಕ್ಕದ ಅಂಜಿನಯ್ಯನ ಮನೆಯಿಂದ ಪಾಲಯ್ಯನೇ ಎಳೆದು ತಂದಿದ್ದ ವೈರು ಅದು. ಬಿಚ್ಚುವುದು ಮರೆತಿದ್ದ. ಗೌಂಡಿಗಳು ಅದರ ಮೇಲೆಯೇ ಗಾರೆ ಬಳಿದಿದ್ದರು.

ಅಂಜಿನಯ್ಯನ ಮನೆಗೆ ಹೋಗಿ ಅದರ ಬುಡ ಕತ್ತರಿಸಿ ಬರುವಷ್ಟರಲ್ಲಿ ವೀರೇಶ ಬಂದಿದ್ದ. ಸುನಿತಾ ಹೇಳುತ್ತಿದ್ದಳು: “ಪಾಲಯ್ಯಾರು ಇರದಿದ್ರ ಅತ್ತಿ ಉಳೀತಿರಲಿಲ್ರಿ.” ವೀರೇಶ ಕೈ ಮುಗಿಯಲು ಹೋದ. ಪಾಲಯ್ಯ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಆ ವೈರನ್ನು ಮುಂದೆ ಹಿಡಿದ.

“ಕೈ ಮುಗೀಬ್ಯಾಡ್ರಿ ಸಾವ್ಕಾರ್ರ. ಇದನ್ನ ಹಾಕಿದಾವ ನಾನ. ತೆಗಿಯೋದು ಮರ್ತಿದ್ದೆ.”

ವೀರೇಶನ ಮುಖ ಕಪ್ಪಿಟ್ಟಿತು. “ನಮ್ಮವ್ವನ್ನ ಕೊಲ್ಲಾಕ ಇಟ್ಟಿದ್ದೇನಲೇ? ನಡಿ ಹೊರಗ! ಮತ್ತ ಈ ಮೆಟ್ಲ ಹತ್ತಬ್ಯಾಡ!”

ಪಾಲಯ್ಯ ಡಬ್ಬಿ ಹೆಗಲಿಗೇರಿಸಿದ. ಹೊರಗೆ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟುತ್ತಿದ್ದಾಗ, ಈ ಬೈಗುಳ ಯಾವುದೂ ಕಿವಿಗೆ ಬೀಳದ ಕೊಟ್ರಬಸಮ್ಮ ಒಂದು ಲೋಟ ಮಜ್ಜಿಗೆ ತಂದಳು. “ಬಿಸಲಾಗ ಬಂದೀಯಪ್ಪಾ, ಕುಡಿ.” ಅವಳು ಎದುರಿಗೇ ನಿಂತಿದ್ದರಿಂದ ಅವನು ಪೂರ್ತಿ ಕುಡಿದ.

ಮರುದಿನದಿಂದ ಕರೆದವರ ಮನೆಗಳಿಗೆ ಹೋಗುವುದು ಬಿಟ್ಟು, ಹಿಂದಿನ ಎರಡು ವರ್ಷದಲ್ಲಿ ತಾನು ವೈರಿಂಗ್ ಮಾಡಿದ್ದ ಮನೆಗಳ ಬಾಗಿಲನ್ನು, ಇನ್ನೆಲ್ಲಾದರೂ ವೈರು ಬಿಚ್ಚಲು ಮರೆತಿದ್ದೇನೆಯೇ ಎಂದು, ಒಂದೊಂದಾಗಿ ತಟ್ಟಿದ. ಕೆಲವರು ನಕ್ಕರು, ಕೆಲವರು ಹೊಸ ಗೋಡೆ ಮುಟ್ಟಗೊಡಲಿಲ್ಲ. ಹದಿಮೂರು ಮನೆಗಳಲ್ಲಿ ಏನೂ ಸಿಗಲಿಲ್ಲ. ಹದಿನಾಲ್ಕನೆಯದು ಬಂಡ್ರಿಯಲ್ಲಿ. ಅಲ್ಲಿ ತೊಟ್ಟಿಲು ತೂಗುಹಾಕಿದ್ದ ಕಬ್ಬಿಣದ ಕೊಂಡಿಯ ಹಿಂದೆ ಅಂಥದ್ದೇ ಕೆಂಪು–ಹಳದಿ ವೈರು ಸಿಕ್ಕಿತು. ಇನ್ನೂ ಸಿಪ್ಪೆ ಹರಿದಿರಲಿಲ್ಲ. ಪಾಲಯ್ಯ ಅದನ್ನು ಕತ್ತರಿಸಿ, ಗೋಡೆಗೆ ಆನಿಕೊಂಡು, ಉಸಿರು ಹತೋಟಿಗೆ ಬರುವವರೆಗೂ ಅಲ್ಲೇ ಕೂತಿದ್ದ.