ಇಬ್ಬರೂ ಒಪ್ಪಿದರೆ ಮುಚ್ಚುವ ಬಾಗಿಲು

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ ನಾನು ಕೇಳುತ್ತಿದ್ದ ಪ್ರಶ್ನೆಗಳು ಮೂರೇ. ಆಗ ಬೆಳಕು ಹೇಗಿತ್ತು, ಊಟ ಆಗಿತ್ತೋ ಇಲ್ಲವೋ, ಹಿಂದಿನ ರಾತ್ರಿ ನಿದ್ದೆ ಬಂದಿತ್ತೋ ಇಲ್ಲವೋ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಮನುಷ್ಯನನ್ನು ಅವನ ಕಣ್ಣಿಗಿಂತ ಅವನ ನೆನಪು ಹೆಚ್ಚು ಮೋಸಗೊಳಿಸುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ, ಈಗಲೂ ನಂಬಿದ್ದೇನೆ. ಸಿಯಾಟಲ್ ಬಳಿಯ ಸಮಾಮಿಶ್‌ನ ಗೆಳೆಯರ ಮನೆಗಳಲ್ಲಿ ಊಟದ ನಂತರ ಇಂಥ ಕಥೆಗಳು ಶುರುವಾದರೆ, "ಮೊದಲು ಇವನನ್ನ ಒಳಗೆ ಕಳಿಸ್ರಪ್ಪ, ಪಾತ್ರೆ ತೊಳೀಲಿ" ಎಂದು ನಗುತ್ತಿದ್ದರು.

ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳತೊಡಗಿ ಕೆಲವು ವರ್ಷಗಳಾದವು. ಬೆಳಕು ಕಡಿಮೆಯಿತ್ತು. ಊಟ ಹೊಟ್ಟೆ ತುಂಬ ಆಗಿತ್ತು. ನಿದ್ದೆ ಚೆನ್ನಾಗಿ ಬಂದಿತ್ತು.

ಸಿಯಾಟಲ್‌ನಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು ಹೊರಟರೆ, ಬ್ಲೇನ್ ಎಂಬ ಪುಟ್ಟ ಊರಿನ ಅಂಚಿನಲ್ಲಿ ಅಮೆರಿಕ ಮುಗಿದು ಕೆನಡಾ ಶುರುವಾಗುತ್ತದೆ. ಸರಿಯಾಗಿ ಆ ಗೆರೆಯ ಮೇಲೆ ಒಂದು ಉದ್ಯಾನವಿದೆ, ಪೀಸ್ ಆರ್ಚ್ ಪಾರ್ಕ್. ಅದರ ದಕ್ಷಿಣದ ಅರ್ಧವನ್ನು ವಾಷಿಂಗ್ಟನ್ ರಾಜ್ಯದವರು ನೋಡಿಕೊಳ್ಳುತ್ತಾರೆ, ಉತ್ತರದ ಅರ್ಧವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾದವರು. ನಡುವೆ ಬೇಲಿಯಿಲ್ಲ. ಅಣ್ಣತಮ್ಮಂದಿರು ಪಾಲಾದ ಮೇಲೂ ನಡುವಿನ ಬಾವಿಯನ್ನು ಇಬ್ಬರೂ ಸೇದುವ ಹಾಗೆ ಎರಡು ಸರ್ಕಾರಗಳು ಒಂದೇ ಹುಲ್ಲುಹಾಸನ್ನು ಇಟ್ಟುಕೊಂಡಿವೆ. ಕೊರೊನಾ ಕಾಲದಲ್ಲಿ ಕೆನಡಾ ತನ್ನ ಅರ್ಧವನ್ನು ಮುಚ್ಚಿದರೂ ಅಮೆರಿಕದ ಅರ್ಧ ತೆರೆದೇ ಇತ್ತಂತೆ. ಯಾವ ದೇಶದಿಂದ ಬಂದವರಾದರೂ ಪಾಸ್‌ಪೋರ್ಟಿಗೆ ಮೊಹರು ಹಾಕಿಸದೆ ಒಳಗೆ ಓಡಾಡಬಹುದು. ನಿಯಮ ಒಂದೇ: ಬಂದ ಕಡೆಯಿಂದಲೇ ಹೊರಗೆ ಹೋಗಬೇಕು.

ಉದ್ಯಾನದ ನಡುವೆ, ಗೆರೆಯ ಮೇಲೆ, ಎತ್ತರದ ಬಿಳಿಯ ಕಮಾನಿದೆ. ಅದರೊಳಗಿನ ಎರಡು ಗೋಡೆಗಳಿಗೆ ಒಂದೊಂದು ಕಬ್ಬಿಣದ ಬಾಗಿಲು. ಒಂದು ಈ ದೇಶದ್ದು, ಇನ್ನೊಂದು ಆ ದೇಶದ್ದು. ಇಬ್ಬರೂ ಒಪ್ಪಿದರೆ ಮಾತ್ರ ಮುಚ್ಚಬಹುದು ಎಂಬುದು ಅದರ ಅರ್ಥ ಎನ್ನುತ್ತಾರೆ. ಕಟ್ಟಿದಾಗಿನಿಂದ ಅವು ತೆರೆದೇ ಇವೆ.

ನಾವು ಅಲ್ಲಿಗೆ ಹೋದದ್ದು ಕುಬಸಕ್ಕೆ.

ನನ್ನ ತಂಗಿ ಸುಮಾ ಗಡಿಯಾಚೆ ಸರ್ರೆಯಲ್ಲಿದ್ದಾಳೆ, ಆ ಬಾಗಿಲಿನಿಂದ ಕಾರಿನಲ್ಲಿ ಅರ್ಧ ತಾಸಿನ ದಾರಿ. ಆಗ ಅವಳಿಗೆ ಏಳನೆಯ ತಿಂಗಳು, ಚೊಚ್ಚಲ. ಅವ್ವ ಗದಗಿನಿಂದ ನನ್ನ ಮನೆಗೆ ಬಂದಿದ್ದಳು. ಅಮೆರಿಕದ ವೀಸಾ ಸಿಕ್ಕಿತ್ತು, ಕೆನಡಾದ್ದು ಬಂದಿರಲಿಲ್ಲ. ಸುಮಾಳಿಗೆ ಅಮೆರಿಕದ ವೀಸಾ ಇರಲಿಲ್ಲ. ನನ್ನ ವೀಸಾ ಮೊಹರಿನ ಅವಧಿ ಮುಗಿದಿತ್ತು, ದೇಶದೊಳಗೆ ಇರಲು ಮಾತ್ರ ಅಡ್ಡಿಯಿರಲಿಲ್ಲ. ಹೊರಗೆ ಕಾಲಿಟ್ಟರೆ ವಾಪಸು ಬರುವುದು ಯಾವಾಗಲೋ ಗೊತ್ತಿರಲಿಲ್ಲ. ತವರಿನವರು ಬಸುರಿ ಮಗಳಿಗೆ ಹಸಿರು ಸೀರೆ, ಹಸಿರು ಕುಬಸ ತೊಡಿಸಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಅದಾದ ಮೇಲೆ ಮಗಳು ಹೆರಿಗೆಗೆಂದು ತಾಯಿಯ ಜೊತೆ ತವರಿಗೆ ಹೊರಡಬೇಕು. ಎರಡೂ ದೇಶಗಳು ಒಂದಾಗಿ ಒಪ್ಪಿದ್ದ ಜಾಗ ಈ ಉದ್ಯಾನವೊಂದೇ. ಆದರೆ ಅಲ್ಲಿಂದ ತಾಯಿ ಒಂದು ದಿಕ್ಕಿಗೆ, ಮಗಳು ಇನ್ನೊಂದು ದಿಕ್ಕಿಗೆ ಹೋಗಬೇಕು.

ಅಕ್ಟೋಬರಿನ ಒಂದು ಶನಿವಾರ ಹೋದೆವು. ಅವ್ವ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಕಾರಿನಿಂದ ಇಳಿದವಳೇ ಹುಲ್ಲು ನೋಡುತ್ತ ನಿಂತಳು.

"ಗೆರಿ ಎಲ್ಲೈತೋ?"

"ಅಲ್ಲೇ ಎಲ್ಲೋ ಐತಿ ಅವ್ವಾ, ಕಾಣಂಗಿಲ್ಲ."

"ಮೂವತ್ತ ವರ್ಷ ಬೋರ್ಡಿನ ಮ್ಯಾಲೆ ಬರದೀನಿ. ಕಾಣಲಾರದ ಗೆರಿಗೆ ಇಷ್ಟ್ಯಾಕ ಹೆದರ್ತೀರಿ?" ಎಂದಳು.

ಸುಮಾ ಮತ್ತು ಅವಳ ಗಂಡ ಗಿರೀಶ ಆ ಕಡೆಯಿಂದ ನಡೆದು ಬಂದರು. ಅಮೆರಿಕದ ಅರ್ಧದ ಒಂದು ಮೇಜಿನ ಬಳಿ ಸುಮಾಳನ್ನು ಕೂರಿಸಿ ಅವ್ವ ಬಳೆ ಇಡಿಸಿದಳು, ಉಡಿ ತುಂಬಿದಳು. ನನ್ನ ಹೆಂಡತಿ ವೀಣಾ ಮೈಸೂರಿನವಳು. ಅವಳು ಆರತಿ ತಟ್ಟೆ ಹಿಡಿದು ಗಾಳಿಗೆ ದೀಪ ಆರದಂತೆ ನನ್ನನ್ನು ಗೋಡೆಯ ಹಾಗೆ ನಿಲ್ಲಿಸಿದ್ದಳು. ಎಲ್ಲರ ಕೈಗೂ ಕುಂಕುಮ. ಶೇಂಗಾ ಹೋಳಿಗೆ, ಕರ್ಚಿಕಾಯಿ, ಬುತ್ತಿ ಎಲ್ಲ ಖಾಲಿಯಾದವು. ನಡುವೆ ಪಾರ್ಕಿನ ಕಾವಲುಗಾರ್ತಿಯೊಬ್ಬಳು ಬಂದು, ಯಾರು ಯಾವ ಕಡೆಯವರು ಎಂದು ನಗುತ್ತಲೇ ಕೇಳಿ, ನಿಯಮ ನೆನಪಿಸಿದಳು. ಎರಡು ಬಾಗಿಲುಗಳ ವಿಷಯ ನನಗೆ ಹೇಳಿದವಳು ಅವಳೇ. ಆಗ ಅವ್ವ ದೂರದಲ್ಲಿ ಸುಮಾಳ ಜಡೆಗೆ ಹೂವು ಮುಡಿಸುತ್ತಿದ್ದಳು. ಇದು ಮುಂದೆ ಮುಖ್ಯವಾಗುತ್ತದೆ.

ಸಂಜೆಗೆ ಸಮುದ್ರದ ಕಡೆಯಿಂದ ಮಂಜು ಏರಿತು. ಗಿರೀಶ ಪಾತ್ರೆಗಳನ್ನು ಎತ್ತಿಕೊಂಡು ಆಚೆ ನಿಲ್ಲಿಸಿದ್ದ ತನ್ನ ಕಾರಿಗೆ ಹೋದ. ಕಮಾನಿನ ಕೆಳಗೆ ಒಂದು ಫೋಟೊ ಆಗಲಿ ಎಂದು ವೀಣಾ ಹಟ ಹಿಡಿದಳು. ಅವ್ವ, ಸುಮಾ, ನಾನು ಅಲ್ಲಿಗೆ ಹೋದೆವು. ವೀಣಾ ಸ್ವಲ್ಪ ಹಿಂದೆ ನಿಂತು ಫೋನು ಎತ್ತಿ ಹಿಡಿದಳು. ಎರಡೂ ಬದಿಯ ರಸ್ತೆಗಳಲ್ಲಿ ಗಡಿ ದಾಟಲು ಕಾದಿದ್ದ ಕಾರುಗಳ ದೀಪಗಳು ಮಂಜಿನಲ್ಲಿ ಹಳದಿಯಾಗಿ ಕಲೆಸಿಹೋಗಿದ್ದವು.

ಅಲ್ಲಿ ಅವ್ವ ಸುಮಾಳ ಕೈ ಹಿಡಿದುಕೊಂಡಳು.

"ಆಕಿ ನನ್ನ ಜೋಡಿ ಬರಂಗಿಲ್ಲಂದ್ರ ನಾ ಆಕಿ ಜೋಡಿ ಹೋಗತೀನಿ. ನನ್ನ ಚೀಲ ಆಮ್ಯಾಲ ಕಳಸು."

ನಾನು ನಕ್ಕೆ. ಅವಳು ನಗಲಿಲ್ಲ. ಸಿಕ್ಕಿಬಿದ್ದರೆ ಎರಡೂ ದೇಶದ ಬಾಗಿಲು ನಿನಗೆ ಶಾಶ್ವತವಾಗಿ ಮುಚ್ಚುತ್ತದೆ, ಸುಮಾಳ ಕಾಗದಪತ್ರಗಳಿಗೂ ತೊಂದರೆ ಎಂದೆ. "ಹಡಿಯೂ ಮಗಳ ಹತ್ರ ತಾಯಿ ಹೋದ್ರ ಯಾ ದೇಶದಾಗ ತಪ್ಪೋ?" ಎಂದಳು. ನಾನು ಸುಮಾಳ ಮುಖ ನೋಡಿದೆ.

"ಬರ್ಲಿ ಬಿಡಣ್ಣಾ. ಈ ಮಂಜಿನ್ಯಾಗ ಯಾರ್ ನೋಡ್ತಾರ?" ಎಂದು ಅವಳು ಮುಂದೆ ನಡೆದು ಕಮಾನಿನಾಚೆ ನಿಂತಳು. ಅವ್ವ ಕಮಾನಿನ ನಡುವೆ ಇದ್ದಳು. ನಾನು ಈ ಕಡೆಯ ಗೋಡೆಯ ಪಕ್ಕದಲ್ಲಿದ್ದೆ.

ಮುಂದಿನದನ್ನು ನೆನಪಿರುವಂತೆಯೇ ಬರೆಯುತ್ತೇನೆ. ಭಾರವಾದ ಕಬ್ಬಿಣ ಕಲ್ಲಿನ ಮೇಲೆ ಎಳೆದಂಥ ಸದ್ದಾಯಿತು. ನೋಡಿದರೆ ಬಾಗಿಲುಗಳು ಮುಚ್ಚಿದ್ದವು. ನನ್ನ ಬಲಗೈ ಬಾಗಿಲಿನ ತುಕ್ಕು ಹಿಡಿದ ಕಂಬಿಯ ಮೇಲಿತ್ತು. ಅದು ಒದ್ದೆಯಾಗಿತ್ತು, ತುಂಬ ತಣ್ಣಗಿತ್ತು. ಅವ್ವ ಎರಡೂ ಕೈಗಳಿಂದ ಕಂಬಿ ಹಿಡಿದಿದ್ದಳು. ಕಂಬಿಗಳ ಸಂದಿಯಲ್ಲಿ ಸುಮಾಳ ಹಸಿರು ಸೀರೆ ತುಂಡು ತುಂಡಾಗಿ ಕಾಣುತ್ತಿತ್ತು. ನಮ್ಮಲ್ಲಿ ಯಾರೂ ಕೂಗಲಿಲ್ಲ, ಇದೇನು ಎಂದು ಕೇಳಲೂ ಇಲ್ಲ. ನನಗೆ ಇಂದಿಗೂ ಬಾಗಿಲಿಗಿಂತ ಆ ಮೌನವೇ ಹೆಚ್ಚು ವಿಚಿತ್ರವಾಗಿ ಕಾಣುತ್ತದೆ.

"ಆತು. ಹುಷಾರಿಲೆ ಹೋಗವ್ವ" ಎಂದು ಅವ್ವ ಸುಮಾಳಿಗೆ ಹೇಳಿದಳು. ತಿರುಗಿ, ನನ್ನನ್ನು ದಾಟಿ, ವೀಣಾಳ ಕಡೆ ನಡೆದಳು. ನಾನು ಹಿಂದೆಯೇ ಹೋದೆ. ಸ್ವಲ್ಪ ದೂರ ಹೋಗಿ ಹೊರಳಿ ನೋಡಿದಾಗ ಕಮಾನು ತೆರೆದಿತ್ತು. ಅದರ ನಡುವಿನಿಂದ ಆಚೆಯ ಕಾರಿನ ದೀಪಗಳು ನಿಚ್ಚಳವಾಗಿ ಕಂಡವು.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಲ್ಲಿ ಕೈ ತೊಳೆಯುವಾಗ ಅಂಗೈಯಿಂದ ಕೆಂಗಂದು ನೀರು ಇಳಿಯಿತು. ಕುಂಕುಮ ಎಂದುಕೊಂಡೆ. ಕುಂಕುಮವೇ ಇರಬಹುದು.

ಮನೆಗೆ ಬಂದ ಮೇಲೆ ವೀಣಾ ಫೋಟೊ ತೋರಿಸಿದಳು. ಚಿತ್ರದಲ್ಲಿ ಬಾಗಿಲುಗಳೆರಡೂ ತಮ್ಮ ತಮ್ಮ ಗೋಡೆಗೆ ಒರಗಿ ತೆರೆದೇ ಇವೆ. ನಾನು ಬಲಗೈ ಎತ್ತಿ ಅಂಗೈಯನ್ನು ಗಾಳಿಗೆ ಒತ್ತಿ ನಿಂತಿದ್ದೇನೆ. ಅವ್ವನ ಎರಡೂ ಮುಷ್ಟಿಗಳು ಎದೆಯ ಮಟ್ಟದಲ್ಲಿವೆ. ಆಚೆ ಸುಮಾ ಎಡಗೈ ಎತ್ತಿದ್ದಾಳೆ.

"ಏನ್ರೀ ಇದು? ಮೂರೂ ಜನ ಗಾಜು ಒರೆಸ್ತಿರೋ ಹಾಗಿದೀರಾ!" ಎಂದು ವೀಣಾ ನಕ್ಕಳು. ಅವಳಿಗೆ ಬಾಗಿಲು ಕಂಡಿರಲಿಲ್ಲ, ಸದ್ದೂ ಕೇಳಿಸಿರಲಿಲ್ಲ.

ನಾನು ನಿರಾಳವಾದೆ. ವಿವರಣೆ ಸುಲಭವಿತ್ತು. ಮಧ್ಯಾಹ್ನವಷ್ಟೇ ಬಾಗಿಲಿನ ಕಥೆ ಕೇಳಿದ್ದೆ, ಅವ್ವ ಹೋಗಬಾರದು ಎಂಬ ಆತಂಕವಿತ್ತು, ಮಂಜಿತ್ತು. ಬೇಕಾದ್ದನ್ನು ಮೆದುಳು ಕಟ್ಟಿಕೊಟ್ಟಿತು. ಬೇರೆಯವರ ಅನುಭವವಾಗಿದ್ದರೆ ಅಲ್ಲಿಗೆ ಮುಗಿಸಿ ನಾನು ಪಾತ್ರೆ ತೊಳೆಯಲು ಏಳುತ್ತಿದ್ದೆ.

ಅವ್ವನಿಗೆ ಕೆನಡಾದ ವೀಸಾ ಬರಲಿಲ್ಲ. ಸುಮಾಳಿಗೆ ಹೆಣ್ಣುಮಗುವಾಯಿತು. ಅವ್ವ ಅದನ್ನು ನಮ್ಮ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದಳು. ಅವಳು ಭಾರತಕ್ಕೆ ಹೊರಡುವ ಮುಂಚಿನ ವಾರ ಮತ್ತೆ ಅದೇ ಉದ್ಯಾನಕ್ಕೆ ಹೋದೆವು. ಅವ್ವ ಕಮಾನಿನ ಕಡೆ ಹೋಗಲೇ ಇಲ್ಲ. ಈ ಕಡೆಯ ಬೆಂಚಿನ ಮೇಲೆ ಕುಳಿತು, ಮಗುವನ್ನು ಅಲ್ಲಿಗೇ ತರಿಸಿಕೊಂಡು ತೊಡೆಯ ಮೇಲೆ ಹಾಕಿಕೊಂಡಳು. ಬಾಗಿಲಿನ ಬಗ್ಗೆ ಅವಳ ಹತ್ತಿರ ನಾನು ಅದುವರೆಗೂ ಒಂದು ಮಾತೂ ಆಡಿರಲಿಲ್ಲ. ನಾವಿಬ್ಬರೇ ಇದ್ದಾಗ ಕೇಳಿದೆ.

"ಅವ್ವಾ, ಅವತ್ತ ಯಾಕ ತಿರುಗಿ ಬಂದಿ?"

ಅವಳು ಮಗುವಿನ ಅಂಗಾಲು ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ. "ನೀವ ಬಾಗ್ಲಾ ಹಾಕಿದ್ರಲ್ಲ. ಈ ಕಡೀದು ನೀ ದೂಡಿದಿ, ಆ ಕಡೀದು ಆಕಿ ದೂಡಿದ್ಲು."

"ಸಿಟ್ಟ ಬಂತೇನ?" ಎಂದೆ.

"ಬಂದಿತ್ತು, ಹೋತು. ಒಬ್ಬರ ಹಾಕಿದ್ರ ನಾ ದೂಡಿ ಹೋಗತಿದ್ದೆ. ಇಬ್ರೂ ಕೂಡೇ ಹಾಕಿದ್ರಿ." ಆಮೇಲೆ ಮಗುವಿಗೆ, "ನಿಮ್ಮವ್ವ, ನಿಮ್ಮ ಮಾವ, ಇಬ್ರೂ ಶಾಣ್ಯಾ ಅದಾರ ನೋಡ" ಎಂದಳು.

ಎರಡು ಬಾಗಿಲಿಗೆ ಇಬ್ಬರ ಒಪ್ಪಿಗೆ ಬೇಕೆಂಬ ಮಾತು ಅವ್ವನಿಗೆ ಗೊತ್ತಿರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ವೀಣಾ ಹೇಳಿರಬಹುದು, ಹೇಳಿದ ನೆನಪಿಲ್ಲ ಎನ್ನುತ್ತಾಳೆ. ಆದರೆ ನಾನು ದೂಡಿದ್ದು? ನನ್ನ ನೆನಪಿನಲ್ಲಿ ಕೈ ಕಂಬಿಯ ಮೇಲಿದೆ. ಅದು ಹೇಗೆ ಅಲ್ಲಿಗೆ ಬಂತು ಎಂಬುದು ನೆನಪಿನಲ್ಲಿಲ್ಲ.

ಆ ವಾರವೇ ಸುಮಾಳಿಗೆ ಫೋನು ಮಾಡಿದೆ. ಅವ್ವ ಅಂದದ್ದನ್ನು ಹೇಳಿದೆ.

"ಅಣ್ಣಾ, ನಾ ಬಾಯಿಲೆ ಬರ್ಲಿ ಅಂದೆ. ಒಳಗ ಬ್ಯಾಡ, ಬ್ಯಾಡ ಅನ್ನಾಕತ್ತಿದ್ದೆ. ಹೆದರಿಕಿ ಆಗಿತ್ತು ನಂಗ. ಅವ್ವಗ ಹೆಂಗ ಹೇಳ್ಲಿ ಅದನ್ನ?"

"ಬಾಗ್ಲಾ ನೋಡಿದೇನು?"

"ಇಲ್ಲ. ಕೈ ಮಾತ್ರ ತಣ್ಣಗಾತು. ಮತ್ತ, ಅವತ್ತಿನ ಕುಬಸದ ಎಡಗೈ ತುದಿಗೆ ಒಂದು ಕಲಿ ಐತಿ. ಎಷ್ಟ ತೊಳದ್ರೂ ಹೋಗವಲ್ದು. ಕುಂಕುಮಾ ಆಗಿದ್ರ ಹೋಗಬೇಕಿತ್ತಲ್ಲ?"

ಎಲ್ಲ ಕುಂಕುಮವೂ ತೊಳೆದರೆ ಹೋಗುವುದಿಲ್ಲ, ಬಣ್ಣ ಬೆರೆಸಿದ್ದು ಉಳಿಯುತ್ತದೆ ಎಂದು ನಾನು ಅವಳಿಗೆ ವಿವರಿಸಿದೆ. ಅದು ನಿಜ ಕೂಡ.

ಆದರೂ ಸುಮ್ಮನಿರಲಾಗಲಿಲ್ಲ. ಬಿಸಿಲಿದ್ದ ಒಂದು ದಿನ ಸಿಯಾಟಲ್ಲಿನ ಸೌತ್ ಲೇಕ್ ಯೂನಿಯನ್‌ನ ಆಫೀಸಿಗೆ ರಜೆ ಹಾಕಿ ಒಬ್ಬನೇ ಹೋದೆ. ಬಾಗಿಲುಗಳು ಗೋಡೆಗೆ ಭದ್ರವಾಗಿದ್ದವು. ಭುಜ ಕೊಟ್ಟು ದೂಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಆಚೆಯಿಂದ ಬಂದಿದ್ದ ದಂಪತಿಗಳು ನನ್ನನ್ನು ನೋಡಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಬಾಗಿಲು ಆ ಸಂಜೆ ಮುಚ್ಚಿರಲು ಸಾಧ್ಯವೇ ಇಲ್ಲ. ಇದನ್ನು ನಾನು ಯಾವ ಅಳುಕೂ ಇಲ್ಲದೆ ಹೇಳಬಲ್ಲೆ. ಅದು ಮುಚ್ಚಿದ್ದನ್ನು ನಾನು ನೋಡಿದೆ ಎಂಬುದನ್ನೂ ಅಷ್ಟೇ ಅಳುಕಿಲ್ಲದೆ ಹೇಳಬಲ್ಲೆ. ಒಂದು ಹೇಳಿಕೆ ಇನ್ನೊಂದನ್ನು ಹೊಡೆದುಹಾಕಬೇಕು ಎಂದು ನನಗೆ ಕಲಿಸಿದ್ದರು. ಇವೆರಡೂ ಜೊತೆಯಲ್ಲೇ ಉಳಿದಿವೆ.

ಕಳೆದ ಬೇಸಿಗೆಯಲ್ಲಿ ಅವ್ವ ಎರಡೂ ದೇಶಗಳ ವೀಸಾ ಹಿಡಿದು ಬಂದಳು. ನನ್ನ ಕಾಗದಪತ್ರಗಳೂ ಸರಿಯಾಗಿದ್ದವು. ಸುಮಾಳ ಮನೆಗೆ ನಾನೇ ಕರೆದುಕೊಂಡು ಹೋದೆ. ಗಡಿಯ ಸಾಲಿನಲ್ಲಿ ನಮ್ಮ ಕಾರು ಒಂದೊಂದೇ ಗಾಲಿಯಷ್ಟು ಮುಂದಕ್ಕೆ ಜರುಗುತ್ತ ಕಮಾನಿನ ಪಕ್ಕಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಮೊಮ್ಮಗಳಿಗೆಂದು ಕಟ್ಟಿದ ಕರ್ಚಿಕಾಯಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವ್ವ ಕಿಟಕಿಯ ಗಾಜು ಇಳಿಸಿದಳು.

"ಇವತ್ತ ತಗದೈತಿ ನೋಡ" ಎಂದಳು.

ಅದು ಯಾವಾಗಲೂ ತೆಗೆದೇ ಇರುತ್ತದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾರು ಮುಂದಕ್ಕೆ ಬಿಟ್ಟೆ.